ಕಿಟಕಿ ಪಕ್ಕದ ಕರವಸ್ತ್ರ

ಅನುಮಾನದ ಗಂಡನನ್ನು ನೋಡಿ ನಗುವುದು ಬಹಳ ಸುಲಭ. ಅವನು ಟಿ.ವಿ.ಯೊಳಗೆ ಇರಬೇಕು, ಅಷ್ಟೆ. ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಒಂದು ಹಳೆಯ ಹಾಸ್ಯ ಧಾರಾವಾಹಿ ಮತ್ತೆ ಬರುತ್ತದೆ. ಊರಾಚೆಯ ಬಡಾವಣೆ, ಒಂದೇ ಅಳತೆಯ ಮನೆಗಳು, ಅವುಗಳಲ್ಲೊಂದರಲ್ಲಿ ಒಬ್ಬ ಗಂಡ, ಒಬ್ಬ ಹೆಂಡತಿ. ಗಂಡನಿಗೆ ಸೋಫಾದ ಕೆಳಗೆ ತನ್ನದಲ್ಲದ ಚಪ್ಪಲಿ ಸಿಗುತ್ತದೆ. ಇಪ್ಪತ್ತು ನಿಮಿಷ ಅವನು ಪರದೆಯ ಹಿಂದೆ ಅಡಗಿ ಹೆಂಡತಿಯನ್ನು ಕಾಯುತ್ತಾನೆ. ಕೊನೆಗೆ ಚಪ್ಪಲಿ ನಲ್ಲಿ ರಿಪೇರಿಯವನದೆಂದು ತಿಳಿಯುತ್ತದೆ. ಎಲ್ಲೋ ಕೂತ ಕಾಣದ ಜನ ಗೊಳ್ಳೆಂದು ನಗುತ್ತಾರೆ. ಅವರ ಜೊತೆ ನಾನೂ. ನನ್ನ ಹೆಂಡತಿ ನಿರ್ಮಲ ನಗುವುದಿಲ್ಲ. ಅವರೆಕಾಯಿ ಸುಲಿಯುತ್ತ, "ಯಾರ್ದು ಚಪ್ಲಿ ಅಂತ ಒಂದ್ ಮಾತು ಕೇಳಿದ್ರೆ ಮುಗೀತಿತ್ತು" ಎನ್ನುತ್ತಾಳೆ. "ಕೇಳಿದ್ರೆ ಧಾರಾವಾಹಿ ಎಲ್ಲಿರ್ತೈತೆ?" ಎನ್ನುತ್ತೇನೆ ನಾನು. "ಸಂಸಾರನಾದ್ರೂ ಇರ್ತಿತ್ತಲ್ಲ."

ನಾನು ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಪ್ರಯೋಗಾಲಯದ ಸಹಾಯಕ. ಕಂಡದ್ದನ್ನು ಮಾತ್ರ ಬರೆಯಿರಿ, ಊಹಿಸಿದ್ದನ್ನಲ್ಲ ಎಂದು ಮಕ್ಕಳಿಗೆ ಹೇಳಿ ಹೇಳಿ ನನ್ನ ಗಂಟಲು ಒರಟಾಗಿದೆ. ಆದ್ದರಿಂದ ಆ ಗುರುವಾರ ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ನಿರ್ಮಲಳ ಅಕ್ಕ ಹೊಸದುರ್ಗದಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾರೆ. ಪ್ರತಿ ಗುರುವಾರ ಇವಳು ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. "ಹೋಗಿ ಬರ್ತೀನ್ರಿ" ಎಂದಾಗ ನಾನು ಪೇಪರಿನಿಂದ ತಲೆ ಎತ್ತದೆ "ಹ್ಞೂಂ" ಎಂದಿರುತ್ತೇನೆ. ಆ ದಿನ ಚಿತ್ರದುರ್ಗದಿಂದ ಬಂದ ಗಾಜಿನ ಸಾಮಾನಿನ ಪಾರ್ಸೆಲ್ ತರಲು ನಾನೂ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಹೊಸದುರ್ಗದ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ನಿರ್ಮಲ. ಅವಳ ಪಕ್ಕದ ಸೀಟಿನ ಬೆನ್ನಿಗೆ ನೀಲಿ ಚೌಕಳಿಯ ಕರವಸ್ತ್ರ, ಗಂಡಸರದು. ನಮ್ಮ ಕಡೆ ಕಿಟಕಿಯಿಂದ ಟವೆಲ್ಲೋ ಕರವಸ್ತ್ರವೋ ತೂರಿಸಿ ಸೀಟು ಹಿಡಿಯುವುದು ರೂಢಿ. ವಸ್ತ್ರ ಬಿದ್ದ ಸೀಟನ್ನು ತಹಶೀಲ್ದಾರರೂ ಮುಟ್ಟುವುದಿಲ್ಲ. ಯಾರೋ ಕೇಳಿದರು: "ಅಮ್ಮಾ, ಇಲ್ಲಿ ಯಾರಾದ್ರೂ ಅದಾರೇನ್ರಿ?"

"ಅದಾರ್ರಿ. ನಮ್ಮೋರು ಬರ್ತಾರೆ."

ಅವಳ ಲೆಕ್ಕದಲ್ಲಿ ನಾನು ಕಾಲೇಜಿನಲ್ಲಿದ್ದೆ. ಹಾಗಾದರೆ ಯಾವ ನಮ್ಮೋರು? ನಾನು ಎಳನೀರಿನ ಗಾಡಿಯ ಹಿಂದೆ ಸರಿದೆ. ಪರದೆ ಇರಲಿಲ್ಲ, ಎಳನೀರಿತ್ತು. ಬಸ್ಸು ಹೊರಟಿತು, ಆ ಸೀಟಿಗೆ ಯಾರೂ ಬರಲಿಲ್ಲ. ತಿರುವು ದಾಟುವವರೆಗೂ ಅವಳು ನಿಲ್ದಾಣದ ಬಾಗಿಲನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ನಾನು ಚಲಿಸುವ ಬಸ್ಸಿನ ಜೊತೆ ಓಡಿ ಅವಳಿಗೆ ಸೀಟು ಹಿಡಿಯುತ್ತಿದ್ದೆ. ಆಮೇಲೆ ಕಡಲೆಕಾಯಿ ತರಲು ಇಳಿದು ತಡವಾದರೆ ಅವಳು ಹೀಗೆಯೇ ನೋಡುತ್ತಿದ್ದಳು. ನಂತರ ಬೈಕು ಬಂತು. ಅವಳಿಗೆ ಸೊಂಟನೋವು ಬಂದು ಬೈಕು ಹತ್ತುವುದು ನಿಂತಿತು. ಬಸ್ಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ಎಷ್ಟು ವರ್ಷವಾಯಿತೆಂದು ಆ ಗಾಡಿಯ ಹಿಂದೆ ನಿಂತು ನೆನೆದೆ, ನೆನಪಾಗಲಿಲ್ಲ.

ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸಂಜೆ ಧಾರಾವಾಹಿಯ ಗಂಡ ಪರದೆಯ ಹಿಂದೆ ಸೀನಿದ, ಕಾಣದ ಜನ ನಕ್ಕರು. ನನಗೆ ಅವನ ಕಾಲು ನಡುಗುವುದು ಮಾತ್ರ ಕಂಡಿತು. "ಇವತ್ತು ನಗ್ಲೇ ಇಲ್ಲ?" ಎಂದಳು ನಿರ್ಮಲ. "ಹಲ್ಲು ನೋವು" ಎಂದೆ. ಒಂದು ವಾರ ಏನೂ ಆಗದ ಹಲ್ಲಿಗೆ ಲವಂಗ ಕಚ್ಚಿಕೊಂಡು ತಿರುಗಿದೆ.

ಮುಂದಿನ ಗುರುವಾರ ರಜೆ ಹಾಕಿ, ಜನರ ನಡುವೆ ನುಗ್ಗಿ ಅದೇ ಬಸ್ಸು ಹತ್ತಿದೆ. ಈ ಸಲವೂ ಅವಳ ಪಕ್ಕದ ಸೀಟಿನ ಬೆನ್ನಿಗೆ ಅದೇ ಕರವಸ್ತ್ರ. ಹತ್ತಿರ ಹೋದಾಗ ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಗುರುತು ಕಂಡಿತು. ಸುಟ್ಟವನು ನಾನೇ. ಕಳೆದುಹೋಯಿತೆಂದು ಬಿಟ್ಟಿದ್ದ ನನ್ನದೇ ಕರವಸ್ತ್ರ.

ಬಾಯಲ್ಲಿ ಲವಂಗವಿಟ್ಟುಕೊಂಡೇ ಕೇಳಿದೆ: "ಇಲ್ಲಿ ಯಾರಾದ್ರೂ ಬರ್ತಾರೇನ್ರಿ?"

ಅವಳು ಕಿಟಕಿಯಾಚೆಯಿಂದ ಮುಖ ತಿರುಗಿಸಲಿಲ್ಲ. "ಹ್ಞೂಂ ರೀ, ನಮ್ಮೋರು ಬರ್ತಾರೆ."

"ಬಂದೀನಿ."

ತಿರುಗಿ ನೋಡಿದಳು. "ಕಾಲೇಜಿಗೆ ಬೆಂಕಿ ಬಿತ್ತೇನ್ರಿ?" ಎಂದು ಕೇಳಿ ಬ್ಯಾಗು ಎತ್ತಿಕೊಂಡಳು. ಕೂತೆ. ಯಾಕೆ ಹೀಗೆ ಎಂದು ಕೊನೆಗೂ ಕೇಳಿದೆ. "ಗಂಡಸರ ವಸ್ತ್ರ ಇದ್ರೆ ಬ್ಯಾಗ್ ಇಡಾಕೆ ಜಾಗ ಸಿಗ್ತೈತೆ" ಎಂದಳು. ಆಮೇಲೆ ಕಿಟಕಿಯ ಕಡೆಗೆ, "ಹಂಗೇ, ಒಂದಿನ ಬಂದ್ರೆ ಇರ್ಲಿ ಅಂತ."

ಟಿಕೆಟ್ ಹರಿಯಲು ಬಂದ ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇವ್ರೇನಮ್ಮ ನಿಮ್ಮೋರು? ನಾನು ಸುಮ್ಕೆ ಹೇಳ್ತೀರಿ ಅನ್ಕಂಡಿದ್ದೆ." ಸುತ್ತಲಿನವರೆಲ್ಲ ನಕ್ಕರು. ಈ ಸಲ ನಗುವವರು ಚೆನ್ನಾಗಿಯೇ ಕಾಣುತ್ತಿದ್ದರು.

ಊರು ದಾಟುವ ಮೊದಲೇ ಒಬ್ಬ ಅಜ್ಜಿ ಹತ್ತಿದರು. "ಏಳ್ರಿ, ಅಜ್ಜಿ ಕುಂತ್ಕಳ್ಳಿ" ಎಂದಳು ನಿರ್ಮಲ. ಬಾರದ ಗಂಡನಿಗಾಗಿ ಇಷ್ಟು ಗುರುವಾರ ಕಾದ ಸೀಟು, ಬಂದ ಗಂಡನಿಗೆ ಎರಡು ಸ್ಟಾಪಿನವರೆಗೂ ದಕ್ಕಲಿಲ್ಲ. ಹೊಸದುರ್ಗದವರೆಗೆ ಕಂಬಿ ಹಿಡಿದು ನಿಂತೆ. ಬೆವರು ಇಳಿಯುವುದನ್ನು ನೋಡಿ ಅವಳು ಕರವಸ್ತ್ರ ಚಾಚಿದಳು: "ಒರೆಸ್ಕಳ್ರಿ." ಅದಕ್ಕೆ ಅವಳ ಬ್ಯಾಗಿನೊಳಗಿನ ಏಲಕ್ಕಿಯ ವಾಸನೆ ಹತ್ತಿತ್ತು. ನಾನು ತೋಳಿಗೆ ಹಣೆ ಒರೆಸಿಕೊಂಡು, ಅದನ್ನು ಮಡಚಿ ಅವಳಿಗೇ ಹಿಂದಕ್ಕೆ ಕೊಟ್ಟೆ. ಮುಂದಿನ ಗುರುವಾರ ನನಗೆ ರಜೆ ಸಿಗುತ್ತದೋ ಇಲ್ಲವೋ.