ಹಿಮದ ಮೇಲೊಂದು ‘ಬೇಡ ಬೇಡ’

ಏನಾದರೂ ಕೊಡಲು ಬಂದ ತಕ್ಷಣ ‘ಹೂಂ, ಕೊಡಿ’ ಎಂದುಬಿಡುವವರನ್ನು ಕಂಡರೆ ನನಗೆ ಈಗಲೂ ಒಂಥರಾ ಗಾಬರಿ. ಮೈಸೂರಿನ ನಮ್ಮ ಬಳಗದಲ್ಲಿ ಅಂಥವರು ಇರಲೇ ಇಲ್ಲ. ಕಾಫಿಗೆ ಪ್ರಾಣ ಒದ್ದಾಡುತ್ತಿದ್ದರೂ ಬಾಯಲ್ಲಿ ‘ಅಯ್ಯೋ ಬೇಡಿ, ಈಗ ತಾನೇ ಕುಡ್ಕೊಂಡ್ ಬಂದೆ’ ಎನ್ನಬೇಕು. ಅವರು ‘ಅರ್ಧ ಲೋಟ ಅಷ್ಟೇ’ ಎನ್ನಬೇಕು. ನಾವು ‘ಸುಮ್ನೆ ನಿಮಗ್ಯಾಕೆ ತೊಂದ್ರೆ’ ಎನ್ನಬೇಕು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿ, ತುಂಬಿದ ಲೋಟವೇ ಬಂದಿರುತ್ತದೆ. ಇದಕ್ಕೆ ಉಪಚಾರ ಎಂದು ಹೆಸರು. ಈ ಉಪಚಾರವನ್ನು ಹಾಗೇ ಹೊತ್ತುಕೊಂಡು ನಾನು ಆಸ್ಟ್ರೇಲಿಯಾದ ಪರ್ತ್‌ಗೆ ಬಂದುಬಿಟ್ಟೆ. ಬಂದ ಹೊಸತರಲ್ಲಿ ಆಫೀಸಿನ ಒಬ್ಬ ಮಹಾನುಭಾವ ತನ್ನ ಮನೆಯ ಬಾರ್ಬಿಗೆ, ಅಂದರೆ ಬಾರ್ಬೆಕ್ಯೂಗೆ, ಕರೆದ. ಕೆಂಡದ ಮೇಲೆ ಸುಟ್ಟ ಜೋಳದ ತಟ್ಟೆ ನನ್ನ ಮುಂದೆ ಹಿಡಿದ. ‘ನೋ ನೋ, ಥ್ಯಾಂಕ್ಯೂ’ ಎಂದೆ. ‘ನೋ ವರೀಸ್’ ಎಂದವನೇ ನನ್ನ ಕಣ್ಣೆದುರೇ ಅದನ್ನು ತಿಂದು ಮುಗಿಸಿದ. ಕ್ಯಾನಿಂಗ್ಟನ್‌ನ ಮನೆಗೆ ವಾಪಸಾಗುವಾಗ ದಾರಿಯ ಸರ್ವೋ ಬಂಕಿನಲ್ಲಿ ಕಾರಿಗೆ ಪೆಟ್ರೋಲು, ನನಗೆ ಚಿಪ್ಸು ಹಾಕಿಸಿಕೊಂಡೆ. ಬುದ್ಧಿ ಬಂತೇ ಎಂದರೆ, ಇಲ್ಲ.

ಇದೇ ಚಟ ನನ್ನನ್ನು ಮನೆಯ ಬ್ಯಾಗು ಕಾಯುವವನನ್ನಾಗಿ ಮಾಡಿತ್ತು. ಬ್ರಿಸ್ಬೇನ್‌ಗೆ ಹೋದಾಗ ನೀರಿನ ಜಾರುಬಂಡೆಯ ಬುಡದಲ್ಲಿ ಹೆಂಡತಿ ಸುಧಾ ‘ಬರ್ತೀರಾ?’ ಎಂದಳು. ‘ಬೇಡ, ನೀವು ಹೋಗಿ’ ಎಂದೆ. ಹೋದರು. ಅಡಿಲೇಡ್‌ನಲ್ಲಿ ಅವಳ ಅಕ್ಕನ ಮನೆಯವರೆಲ್ಲ ಸಮುದ್ರಕ್ಕೆ ಇಳಿದಾಗಲೂ ಇದೇ ಮಾತು, ಇದೇ ಫಲ. ಆಮೇಲೆ ನಮ್ಮ ಮಗಳು ಇಂಚರ ಶಾಲೆಯಲ್ಲಿ ‘ನಮ್ಮ ರಜೆ’ ಎಂದು ಒಂದು ಚಿತ್ರ ಬರೆದು ತಂದಳು. ನೀರಿನಲ್ಲಿ ಅವಳು, ಅವಳಮ್ಮ, ದೊಡ್ಡಮ್ಮ. ದಡದಲ್ಲಿ ಬ್ಯಾಗುಗಳ ಒಂದು ಗುಡ್ಡೆ. ಗುಡ್ಡೆಗೆ ಮೀಸೆ. ‘ಇದ್ಯಾರಮ್ಮಾ?’ ಎಂದೆ. ‘ದಟ್ಸ್ ಯೂ, ಅಪ್ಪಾ. ಯೂ ಮೈಂಡ್ ದ ಬ್ಯಾಗ್ಸ್’ ಎಂದಳು. ದೂರಿನ ದನಿಯಲ್ಲಲ್ಲ, ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂಬಷ್ಟು ಸಹಜವಾಗಿ. ಸುಧಾ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು. ಪ್ರತಿ ಸಲ ಮೊಸರು ತೆಗೆಯುವಾಗಲೂ ಆ ಮೀಸೆ ನನ್ನನ್ನು ನೋಡುತ್ತಿತ್ತು. ಮಗಳಿಗೆ ಈಗಲೇ ಹನ್ನೊಂದು ವರ್ಷ, ಇನ್ನೆಷ್ಟು ದಿನ ಅಪ್ಪನ ಜೊತೆ ಆಡಲು ಬರುತ್ತಾಳೆ? ಈ ಸಲ ಏನಾದರಾಗಲಿ, ಅವಳ ಜೊತೆಗೇ ಆಡಬೇಕು ಎಂದು ಹಟ ಹಿಡಿದೆ.

ಆದ್ದರಿಂದಲೇ ಜುಲೈ ರಜೆಗೆ ವಿಮಾನ ಹತ್ತಿ, ಇಡೀ ದೇಶ ದಾಟಿ, ಅತ್ತ ಕಡೆಯ ಆಸ್ಟ್ರೇಲಿಯನ್ ಆಲ್ಪ್ಸ್ ಬೆಟ್ಟಗಳ ಒಂದು ಸ್ಕೀ ಹಳ್ಳಿಗೆ ಹೋದೆವು. ಜುಲೈಯಲ್ಲಿ ಚಳಿಗಾಲ ಎಂದು ಇಂದಿಗೂ ನಂಬದ ನಮ್ಮಮ್ಮ ಫೋನಿನಲ್ಲಿ ‘ಮಂಕಿ ಕ್ಯಾಪ್ ಹಾಕ್ಕೋ’ ಎಂದರು. ಹಾಕಿಕೊಂಡೆ, ಅದರ ಮೇಲೆ ಬಾಡಿಗೆಯ ಹೆಲ್ಮೆಟ್ ಹೇರಿದೆ. ಸುಧಾ ಗಾಜಿನ ಕಿಟಕಿಯ ಕೆಫೆಯಲ್ಲಿ ಚಕ್ಕುಲಿ ಡಬ್ಬಿ ಬಿಚ್ಚಿ ಕೂತವಳು, ‘ಕಾಲು ಮುರ್ಕೊಂಡ್ರೆ ನನ್ ಹತ್ರ ಓಡ್ಬರ್ಬೇಡಿ’ ಎಂದು ಆಶೀರ್ವದಿಸಿ ಕಳಿಸಿದಳು.

ಸ್ಕೀ ಎಂದರೆ ಎರಡು ಉದ್ದನೆಯ ಹಲಗೆಗಳು. ಕಾಲಿಗೆ ಕಟ್ಟಿಕೊಂಡ ಕ್ಷಣದಿಂದ ಒಂದಕ್ಕೊಂದು ಮಾತು ಬಿಟ್ಟಿರುತ್ತವೆ. ಮಕ್ಕಳ ಇಳಿಜಾರಿನಲ್ಲಿ ನನ್ನ ಎಡಗಾಲು ಕೆಫೆಯ ಕಡೆ, ಬಲಗಾಲು ಕಾರ್ ಪಾರ್ಕಿನ ಕಡೆ ಹೊರಟು, ನಾನು ಇದ್ದಲ್ಲೇ ಕುಸಿದೆ. ಕಲಿಸುವ ಕೆಂಪು ಜಾಕೆಟ್ಟಿನ ಹುಡುಗಿ ಸರ್ರನೆ ಬಂದು ಕೈ ಚಾಚಿ, ‘ನೀಡ್ ಎ ಹ್ಯಾಂಡ್?’ ಎಂದಳು.

‘ನೋ ನೋ, ಐ ಆಮ್ ಫೈನ್!’

‘ಗುಡ್ ಆನ್ ಯಾ!’ ಎಂದು ಮೆಚ್ಚಿ ಹೊರಟೇಹೋದಳು. ಅಯ್ಯೋ ತಾಯಿ, ಇನ್ನೊಂದು ಮಾತು ಹೇಳಬಾರದಿತ್ತೇ! ಹಿಮ ಅಂಗಿಯ ಕಾಲರಿನಿಂದ ಇಳಿದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಅಂಗಾತ ಬಿದ್ದ ಜಿರಳೆಯ ಹಾಗೆ ನಾನು ಕಾಲಾಡಿಸುತ್ತಿದ್ದರೆ, ನೆಟ್ಟಗೆ ಮಾತು ಬಾರದ ಪುಟಾಣಿಗಳೆಲ್ಲ ನನ್ನನ್ನು ಬಳಸಿಕೊಂಡು ಜಾರುತ್ತಿದ್ದವು. ಇಂಚರಳಂತೂ ಅಷ್ಟು ಹೊತ್ತಿಗೇ ಮೇಲಿನ ಗುಡ್ಡಕ್ಕೆ ಬಡ್ತಿ ಪಡೆದಿದ್ದಳು.

ಬಿಡಲಿಲ್ಲ ನಾನು. ಮರುದಿನವೂ ಹೋದೆ, ಬಿದ್ದೆ, ಬಂದವರಿಗೆಲ್ಲ ‘ನೋ ನೋ’ ಎಂದೆ. ಎತ್ತುವವರು ಯಾರೂ ಉಳಿಯದ ಕಾರಣ ಎದ್ದು ನಿಲ್ಲುವುದನ್ನು ನಾನೇ ಕಲಿಯಬೇಕಾಯಿತು. ಹಾಗೆ ನೋಡಿದರೆ ನನಗೆ ಸ್ಕೀ ಕಲಿಸಿದ್ದು ಉಪಚಾರವೇ. ರಾತ್ರಿ ನೋವಿನ ಎಣ್ಣೆ ತಿಕ್ಕುತ್ತಾ ಸುಧಾ, ‘ಸಾಕ್ ಬಿಡ್ರೀ, ಯಾರಿಗ್ ತೋರಿಸ್ಬೇಕು ಇದನ್ನ?’ ಎಂದಳು. ಯಾರಿಗೆ ಎಂದು ಅವಳಿಗೂ ಗೊತ್ತಿತ್ತು. ಹೊರಡುವ ದಿನ ಬೆಳಿಗ್ಗೆ ಮಕ್ಕಳ ಇಳಿಜಾರನ್ನು ತಲೆಯಿಂದ ಬುಡದವರೆಗೆ ಬೀಳದೆ ಇಳಿದೆ. ಚಪ್ಪಾಳೆಗಾಗಿ ಸುತ್ತ ನೋಡಿದೆ. ನೋಡಿದವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಇಂಚರ ಜಾರಿಕೊಂಡು ಬಂದು, ‘ಹೋಲ್ಡ್ ದಿಸ್, ಅಪ್ಪಾ’ ಎಂದು ತನ್ನ ಬ್ಯಾಗನ್ನು ನನ್ನ ಕೈಗೆ ಕೊಟ್ಟಳು! ಎದೆ ಧಸಕ್ ಎಂದಿತು. ಬಸ್ಸು ಹೊರಡುವ ಮೊದಲು ಅವಳಿಗೆ ಇನ್ನೊಂದು ಸಲ ಹೋಗಿಬರಬೇಕಿತ್ತು. ಎರಡು ಹೆಜ್ಜೆ ಹೋದವಳು ತಿರುಗಿ, ‘ಯೂ ವಾನ್ನ ಕಮ್?’ ಎಂದಳು.

ಈ ಒಂದು ಮಾತಿಗಾಗಿಯೇ ನಾನು ಅಷ್ಟು ದೂರದಿಂದ ಬಂದಿದ್ದು. ಈ ಮಾತಿಗಾಗಿಯೇ ಸೊಂಟ ಮುರಿದುಕೊಂಡದ್ದು. ಆದರೆ ನನ್ನ ಹಾಳು ನಾಲಿಗೆ ನನ್ನನ್ನು ಕೇಳಿದರೆ ತಾನೇ? ‘ಬೇಡಮ್ಮಾ, ನೀನ್ ಹೋಗು’ ಎಂದುಬಿಟ್ಟಿತು.

‘ಓಕೆ’ ಎಂದು ಹೊರಟಳು. ಕೆಫೆಯ ಗಾಜಿನಲ್ಲಿ ನನ್ನ ಪ್ರತಿಬಿಂಬ ಕಾಣಿಸಿತು: ಬ್ಯಾಗು, ಮೇಲೊಂದು ಮೀಸೆ. ಚಿತ್ರ ಬರೆದ ಹುಡುಗಿಯದು ತಪ್ಪೇನೂ ಇರಲಿಲ್ಲ. ಕಣ್ಣು ಉರಿಯಿತು, ಚಳಿಯಿಂದಲ್ಲ.

ಅವಳು ಗುಡ್ಡ ಹತ್ತಿಸುವ ಲಿಫ್ಟಿನ ಸಾಲು ಮುಟ್ಟುವ ಮೊದಲೇ ನಿಂತಳು. ಏನೋ ಯೋಚಿಸಿ ವಾಪಸು ಬಂದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಹುಬ್ಬುಗಂಟಿಕ್ಕಿ ಕೇಳಿದಳು: ‘ಅಪ್ಪಾ, ನಿಜವಾಗ್ಲೂ ಬೇಡ್ವಾ? ಇಲ್ಲಾ ಸುಮ್ನೆ ಹೇಳ್ತಿದೀಯಾ?’

‘ಸುಮ್ನೆ ಹೇಳ್ತಿದೀನಿ ಕಣೇ’ ಎಂದೆ.

ಬ್ಯಾಗನ್ನು ಕೆಫೆಯಲ್ಲಿ ಸುಧಾಳ ಚಕ್ಕುಲಿ ಡಬ್ಬಿಯ ಪಕ್ಕ ಇಟ್ಟು ಮಗಳ ಹಿಂದೆ ನಡೆದೆ. ‘ಹೂಂ’ ಎಂದಮೇಲೆಯೇ ನೋಡಿದ್ದು, ಅವಳು ನಿಂತಿದ್ದ ಸಾಲು ಮಕ್ಕಳ ಇಳಿಜಾರಿನದಲ್ಲ, ಮೇಲಿನ ಗುಡ್ಡದ್ದು. ಉಪಚಾರದ ಬೆಲೆ ನನಗೆ ಆಗ ಗೊತ್ತಾಯಿತು. ‘ಬೇಡ ಬೇಡ’ ಎನ್ನುವಷ್ಟು ಹೊತ್ತಿನಲ್ಲಿ ಮನುಷ್ಯ ಸುತ್ತಮುತ್ತ ಒಮ್ಮೆ ಕಣ್ಣಾಡಿಸಬಹುದು. ತಂತಿಗೆ ನೇತುಬಿದ್ದ ಕುರ್ಚಿಗಳು ನಿಲ್ಲದೆ ತಿರುಗಿ ಬರುತ್ತಿದ್ದವು; ಓಡುತ್ತಿರುವಾಗಲೇ ಕೂರಬೇಕು. ನನ್ನ ಮುಖ ನೋಡಿ ಲಿಫ್ಟಿನವನಿಗೆ ಕನಿಕರವಾಗಿರಬೇಕು. ‘ಸ್ಲೋ ಇಟ್ ಡೌನ್ ಫಾರ್ ಯಾ, ಮೇಟ್?’ ಎಂದು ಗುಂಡಿಯ ಮೇಲೆ ಕೈಯಿಟ್ಟ.

‘ನೋ ನೋ’ ಎಂದೆ, ‘ವಿ ಆರ್ ಫೈನ್.’

ಇಂಚರ ಹಣೆ ಚಚ್ಚಿಕೊಂಡು ನನ್ನ ತೋಳನ್ನು ಬಿಗಿಯಾಗಿ ಹಿಡಿದಳು. ಲಿಫ್ಟಿನವನು ಗುಂಡಿಯಿಂದ ಕೈ ತೆಗೆದ. ಕುರ್ಚಿ ಮಾತ್ರ ಬೇಕೋ ಬೇಡವೋ ಎಂದು ಕೇಳಲೇ ಇಲ್ಲ. ಮೊಣಕಾಲ ಹಿಂದೆ ಒಂದು ಬಾರಿಸಿ, ಕೂರಿಸಿಕೊಂಡು ಹೊರಟೇಬಿಟ್ಟಿತು.