ಬೇರು ನೋಡುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಗಿಡದ ಮೇಲ್ಭಾಗ ಕಾಣುತ್ತಲೇ ಇರಲಿಲ್ಲ. ಕಣ್ಣಿನ ದೋಷವಲ್ಲ, ಸ್ವಭಾವದ್ದು. ಊರವರೆಲ್ಲ ಹೂವು, ಕಾಯಿ ನೋಡಿದರೆ ಈ ಮಹಾನುಭಾವರು ಬೇರು ನೋಡುತ್ತಿದ್ದರು. ಬೇರು ನೋಡಲು ಏನು ಮಾಡಬೇಕು, ನೀವೇ ಹೇಳಿ? ಕೀಳಬೇಕು!

ಈ ಹುಚ್ಚು ಹಚ್ಚಿದವರು ಶಿಕಾರಿಪುರಕ್ಕೆ ಹೊಸದಾಗಿ ಬಂದ ಗ್ರಾಮಸೇವಕರು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಊರೂರಿಗೆ ಇಂಥವರು ಸೈಕಲ್ ಮೇಲೆ ಬಂದು ಬುದ್ಧಿ ಹೇಳುತ್ತಿದ್ದ ಕಾಲ. ಅವರು ಬಾಡಿದ ಬದನೆ ಗಿಡವೊಂದನ್ನು ಕಿತ್ತು, "ಈ ಗಂಟು ನೋಡ್ರಿ. ಒಳಗೆ ಕಣ್ಣಿಗೆ ಕಾಣದಂಥ, ನೂಲಿನೆಳೆಯಂಥ ಹುಳ ಇರ್ತವೆ" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾವು ಬದುಕುತ್ತಿದ್ದೆವು. "ಕೆಲವು ಗಿಡ ಸುಮ್ನಿರಲ್ಲ. ಹುಳ ಬಾಯಿ ಹಾಕಿದ ಜಾಗದಲ್ಲಿ ತನ್ನ ಬೇರಿನ ಚೂರನ್ನ ತಾನೇ ಸಾಯಿಸ್ಕೊಳ್ತದೆ. ಹುಳ ಉಪವಾಸ ಬಿದ್ದು ಸಾಯ್ತದೆ" ಎಂದೂ ಸೇರಿಸಿಬಿಟ್ಟರು.

"ಅಂಥ ಗಿಡ ನಮ್ಮಲ್ಲೂ ಇರಬೇಕಲ್ರೀ" ಎಂದರು ಚಿಕ್ಕಪ್ಪ. ಅಂದಿನಿಂದ ಹುಡುಕಾಟ. ಹುಳು ಕೊಂದ ಗಿಡಗಳಿಗಿಂತ ಚಿಕ್ಕಪ್ಪ ಕೊಂದವೇ ಹೆಚ್ಚು.

ನನಗೆ ಹೆಣ್ಣು ನೋಡಲು ತಾಳಗುಂದಕ್ಕೆ ಹೋದಾಗ, ಹುಡುಗಿ ಅವಲಕ್ಕಿ ತರುವಷ್ಟರಲ್ಲಿ ಇವರು ಹಿತ್ತಲಿನಿಂದ ಬೆಂಡೆ ಗಿಡ ಕಿತ್ತು ತಂದು, ಮಣ್ಣಿನ ಸಮೇತ ತಟ್ಟೆಯ ಮೇಲಿಟ್ಟರು. "ಗಂಟು ಎಣಿಸ್ರಿ" ಎಂದು ಬೀಗರಾಗಬೇಕಿದ್ದವರಿಗೆ ಆಜ್ಞೆ ಬೇರೆ. ಸಂಬಂಧ ಅಲ್ಲಿಗೇ ಮುಗಿಯಿತು. ಹುಡುಗಿ ಚೆನ್ನಾಗಿದ್ದಳು ಎಂಬುದನ್ನು ನಾನಿನ್ನೂ ಮರೆತಿಲ್ಲ.

ಇಷ್ಟಾದರೂ ಚಿಕ್ಕಮ್ಮನ ಒಂಬತ್ತು ಬದನೆ ಗಿಡಗಳನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಅವುಗಳದು ಸೊರಬದ ಕಡೆಯ ಕುಪ್ಪಗಡ್ಡೆಯಿಂದ ಚಿಕ್ಕಮ್ಮನ ತಾಯಿ ವರ್ಷ ವರ್ಷ ಬೂದಿಯಲ್ಲಿ ಹೊರಳಿಸಿ ಕಳಿಸುತ್ತಿದ್ದ ಬೀಜ. ಆ ಬೇಸಿಗೆಯಲ್ಲಿ ಮುದುಕಿ ತೀರಿಕೊಂಡಿದ್ದರು. ತವರಿನಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಇನ್ನು ಬೀಜ ಸಿಗುವುದಿದ್ದರೆ ಈ ಗಿಡಗಳಿಂದಲೇ.

ಭೂಮಿ ಹುಣ್ಣಿಮೆ ಬಂತು. ಭೂಮಿತಾಯಿ ಬಸುರಿ ಎಂದು ಎಡೆ ಕೊಡುವ ದಿನ. ನಮ್ಮಲ್ಲಿ ಅಂದು ಯಾರೂ ಮಣ್ಣಿಗೆ ಗುದ್ದಲಿ ತಾಗಿಸುವುದಿಲ್ಲ. ನಾವೆಲ್ಲ ಬುತ್ತಿ ಹೊತ್ತು ಗದ್ದೆಗೆ ಹೋದೆವು. ಕಾಲು ನೋವೆಂದು ಚಿಕ್ಕಪ್ಪ ಮನೆಯಲ್ಲೇ ಉಳಿದರು. ನಾವು ತಿರುಗಿ ಬಂದಾಗ ಜಗಲಿಯ ಮೇಲೆ ಎಂಟು ಬದನೆ ಗಿಡಗಳು ಸಾಲಾಗಿ ಮಲಗಿದ್ದವು. ಒಂಬತ್ತನೆಯದು ಚಿಕ್ಕಪ್ಪನ ಕೈಯಲ್ಲಿತ್ತು.

"ಎಂಟಕ್ಕೂ ಗಂಟು ಹತ್ತೇತಿ. ಇದಕ್ಕ ಒಂದೂ ಇಲ್ಲ. ನಾ ಹೇಳಿರಲಿಲ್ಲೇನು?"

ಚಿಕ್ಕಮ್ಮ ಆ ಬೇರನ್ನು ನೋಡಿದರು. "ಬದುಕೋದು ಅದೊಂದೇ ಆಗಿತ್ತು. ಅದನ್ನೂ ಕಿತ್ರಿ" ಎಂದು ಒಳಗೆ ಹೋದರು.

ಚಿಕ್ಕಪ್ಪ ಆ ಗಿಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದರು. ಹಿತ್ತಲಿನ ಆಚೆ ಬದಿಯಲ್ಲಿ, ಎಂದೂ ಬದನೆ ಹಾಕಿರದ, ಹುಳ ಹತ್ತಿರದ ಮಣ್ಣಿನಲ್ಲಿ ನೆಟ್ಟು, ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿ, ಛತ್ರಿ ಬಿಚ್ಚಿ ಹಿಡಿದು ಕುಳಿತರು. ಮರುದಿನವೂ ಕುಳಿತರು. ಅದರ ಮರುದಿನವೂ!

ನಾನು ಬಿಡುತ್ತೇನೆಯೇ? ತಾಳಗುಂದದ ಸಿಟ್ಟು ಇತ್ತಲ್ಲ. "ಯಾಕೆ ಚಿಕ್ಕಪ್ಪ, ಇವತ್ತು ಬೇರು ನೋಡಲ್ವಾ?" ಎಂದೆ.

"ಇಲ್ಲಪ್ಪ" ಎಂದರು, ತಲೆ ಎತ್ತದೆ. ನನಗೆ ನಾಚಿಕೆಯಾಯಿತು.

ಐದನೆಯ ದಿನ ತುದಿಯ ಎಲೆ ಸ್ವಲ್ಪ ತಲೆ ಎತ್ತಿತು. ಅವರು ಯಾರನ್ನೂ ಕರೆಯಲಿಲ್ಲ. ಅಷ್ಟು ದಿನ ಗಂಡನ ಜೊತೆ ಮಾತು ಬಿಟ್ಟಿದ್ದ ಚಿಕ್ಕಮ್ಮ ತಾವೇ ಚೊಂಬಿನಲ್ಲಿ ನೀರು ತಂದು ಬುಡಕ್ಕೆ ಹನಿಸಿದರು.

"ಒಳಗೆ ಹೋಗಿ ಉಂಡು ಬನ್ನಿ. ಅಲ್ಲೀವರೆಗೂ ಛತ್ರಿ ನಾನು ಹಿಡ್ಕಂತೀನಿ."

ಚಿಕ್ಕಪ್ಪ ಏಳಲಿಲ್ಲ. ಸರಿದು ಜಾಗ ಬಿಟ್ಟರು. "ನಿಮ್ಮವ್ವ ಗಟ್ಟಿ ಬೀಜಾನ ಕೊಟ್ಟಾಳ" ಎಂದರು.

ತಾಯಿಯನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಚಿಕ್ಕಮ್ಮ ಆ ಗಿಡದ ಮುಂದೆ ಕುಳಿತು ಅತ್ತರು. ಚಿಕ್ಕಪ್ಪ ಛತ್ರಿಯನ್ನು ಗಿಡದ ಮೇಲಿಂದ ತೆಗೆದು ಹೆಂಡತಿಯ ತಲೆಯ ಮೇಲೆ ಹಿಡಿದರು.