ಹಸಿರು ಬೆಳಕಿನ ಕಂಪೌಂಡರ್

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಮಿಷನ್ನಿನ ಮುಂದೆ ಕೂತು ಲೆನ್ಸಣ್ಣ ಬೆಳಿಗ್ಗೆಯಿಂದ ಫೋನನ್ನೇ ದಿಟ್ಟಿಸುತ್ತಿದ್ದ. ಪರದೆಯ ಮೇಲೆ ನಾಲ್ಕು ಯುದ್ಧದ ರೋಬೋಗಳು ಸಾಲಾಗಿ ನಿಂತು, ಬಸ್ಸಿಗೆ ಕಾಯುವವರ ಹಾಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದವು. ಕೆಳಗೆ ಬರೆದಿತ್ತು: ‘ನಿಮ್ಮ ಮೊದಲ ರೋಬೋ ಆರಿಸಿಕೊಳ್ಳಿ. ಒಮ್ಮೆ ಆರಿಸಿದ ಮೇಲೆ ಬದಲಿಸುವಂತಿಲ್ಲ.’

ಆ ಕೊನೆಯ ಮಾತೇ ಅವನ ಕೈ ಕಟ್ಟಿಹಾಕಿತ್ತು. ಕನ್ನಡಿಯ ಮುಂದೆ ನಿಂತು ಅಂಗಡಿಯಲ್ಲಿದ್ದ ಫ್ರೇಮನ್ನೆಲ್ಲ ಮೂಗಿಗೇರಿಸಿ, ಕೊನೆಗೆ ‘ಮನೆಯವರನ್ನು ಕೇಳಿಕೊಂಡು ಬರ್ತೀನಿ’ ಎಂದು ಹೋಗುವ ಗಿರಾಕಿಗಳನ್ನು ಕಂಡರೆ ಇಷ್ಟು ವರ್ಷ ಅವನಿಗೆ ಒಳಗೊಳಗೇ ನಗು ಬರುತ್ತಿತ್ತು. ಇವತ್ತು ಅವರ ಮೇಲೆಲ್ಲ ಕನಿಕರ ಹುಟ್ಟಿತು.

ಅವನಿಗೇನೂ ಯುದ್ಧದ ಚಪಲವಿರಲಿಲ್ಲ. ಇದ್ದದ್ದು ಒಬ್ಬಳು ಮಗಳು. ಕಾಲೇಜಿನ ಮೊದಲ ವರ್ಷ. ಮೊದಲೆಲ್ಲ ಅವನು ಚಪ್ಪಲಿ ಬಿಡುವುದರೊಳಗೆ ಇಡೀ ದಿನದ ಸುದ್ದಿ ಒಪ್ಪಿಸುತ್ತಿದ್ದವಳು. ಜಗಳವಾಗಿ ಮಾತು ಬಿಟ್ಟಿದ್ದರೆ ಕ್ಷಮೆ ಕೇಳಬಹುದಿತ್ತು. ಹಾಗೇನೂ ಆಗಿರಲಿಲ್ಲ. ನಲ್ಲಿಯಲ್ಲಿ ನೀರು ಸಣ್ಣಗಾಗುತ್ತಾ ಹೋಗುವಂತೆ ಅವಳ ಮಾತು ಸಣ್ಣಗಾಗುತ್ತಾ ಹೋಗಿ ಈಗ ‘ಹ್ಞೂಂ’, ‘ಉಹ್ಞೂಂ’, ‘ಆಮೇಲೆ’ ಅಷ್ಟರಲ್ಲಿ ನಿಂತಿತ್ತು. ಆದರೆ ಅವಳ ಕೋಣೆಯ ಮುಚ್ಚಿದ ಬಾಗಿಲಿನ ಆಚೆ ಮಾತಿಗೇನೂ ಬರವಿರಲಿಲ್ಲ. ಕಿವಿಗೆ ಹೆಡ್‌ಫೋನ್ ಏರಿಸಿ ದಿನಾ ಸಂಜೆ ಈ ರೋಬೋ ಆಟಕ್ಕೆ ಕೂತಳೆಂದರೆ ಒಂದೇ ಸಮ ನಗು, ಕೂಗಾಟ. “ಮೂರನೇ ಬೆಂಚು, ಮುಂದೆ ಬನ್ರೋ!” ಎಂದು ತನ್ನ ತಂಡವನ್ನು ಹುರಿದುಂಬಿಸುವ ಆ ದನಿಯನ್ನು ಕೇಳಲೆಂದೇ ಲೆನ್ಸಣ್ಣ ಹಾಲಿನಲ್ಲಿ ಟಿ.ವಿ. ಸದ್ದು ಕಮ್ಮಿ ಮಾಡುತ್ತಿದ್ದ.

ಅದೇ ಆಟಕ್ಕೆ ತಾನೂ ಸೇರಿಬಿಟ್ಟರೆ? ಹಾಗಂದುಕೊಂಡೇ ಬೆಳಿಗ್ಗೆ ಆಟವನ್ನು ಫೋನಿಗೆ ಇಳಿಸಿಕೊಂಡಿದ್ದ. ಮೊದಲ ಮೆಟ್ಟಿಲಲ್ಲೇ ಕಾಲು ಸಿಕ್ಕಿಕೊಂಡಿತ್ತು.

“ಏನ್ ಲೆನ್ಸಣ್ಣ, ಮಿಷನ್ ಸದ್ದೇ ಇಲ್ಲ?” ಎನ್ನುತ್ತಾ ಫ್ರೇಮ್ ಮಾರುವ ಸೇಲ್ಸ್‌ನವನು ಒಳಗೆ ಇಣುಕಿದ. ಹುಬ್ಬಿನ ಮೇಲೆ ಸದಾ ಒಂದು ತಂಪು ಕನ್ನಡಕ ಸಿಕ್ಕಿಸಿಕೊಂಡಿರುವ ಆಸಾಮಿ. ಕಣ್ಣು ಸರಿಯಿರುವವರಿಗೂ ಕನ್ನಡಕ ಕಟ್ಟಬಲ್ಲವನು. ಫೋನ್ ಕಂಡದ್ದೇ ತಡ, ಮುಖ ಅರಳಿತು. “ಅಯ್ಯೋ, ಈ ಆಟ ನಂಗೂ ಗೊತ್ತು! ಇದರಲ್ಲಿ ಯೋಚನೆ ಮಾಡೋದೇನಿದೆ? ಈ ಜೇಡ ತಗೊಳ್ಳಿ. ಕಣ್ಣು ಮಿಟುಕಿಸೋದ್ರೊಳಗೆ ಮಾಯ.”

ಆರು ಕಾಲಿನ, ಚುರುಕಾದ ಆ ರೋಬೋಗೆ ಹೀಗೆ ‘ಜೇಡ’ ಎಂಬ ಹೆಸರು ಬಿತ್ತು. ಮಾತು ಕೇಳಿ ಬಂದ ಕಣ್ಣು ಪರೀಕ್ಷೆಯ ಮೇಡಂ ಅದನ್ನು ಒಪ್ಪಲಿಲ್ಲ. “ಓಡೋಡಿ ಸಾಯೋದ್ಯಾಕೆ? ಈ ಕೊಕ್ಕರೆ ನೋಡಿ. ಉದ್ದ ಕೊರಳು, ಉದ್ದ ಬಂದೂಕು. ದೂರದಲ್ಲಿ ನಿಂತು ಗುರಿಯಿಟ್ಟು ಹೊಡೆದ್ರೆ ಆಯ್ತು. ದೃಷ್ಟಿ ಸರಿಯಿದ್ದವರಿಗೆ ಅದೇ ಸರಿ.”

“ಇವರ ದೃಷ್ಟಿ ಎಲ್ಲಿ ಸರಿಯಿದೆ ಮೇಡಂ? ಹತ್ತಿರದ್ದಕ್ಕೆ ನೀವೇ ಕನ್ನಡಕ ಬರೆದುಕೊಟ್ಟಿದ್ದೀರಲ್ಲ!”

“ಹತ್ತಿರದ್ದಕ್ಕೆ ತಾನೆ? ದೂರದ್ದು ಚೆನ್ನಾಗೇ ಇದೆ!”

ಇಬ್ಬರೂ ಅವನ ಎರಡು ಭುಜದ ಮೇಲಿನಿಂದ ಕೈ ಚಾಚಿ ಪರದೆಗೆ ಬೆರಳು ಚುಚ್ಚುತ್ತಿದ್ದರೆ, ಲೆನ್ಸಣ್ಣ ನಡುವೆ ಕುತ್ತಿಗೆ ಒಳಗೆಳೆದುಕೊಂಡ ಆಮೆಯಂತೆ ಕೂತು, ಕೈ ಮಾತ್ರ ರೂಢಿಯ ಮೇಲೆ ಕೆಲಸ ಮಾಡುತ್ತಾ, ಒಂದು ಫ್ರೇಮಿಗೆ ಗಾಜು ಕೂರಿಸಿ ಮುಂದಕ್ಕೆ ಕಳಿಸಿದ. ಆ ಗಾಜು ಯಾರದ್ದೋ; ಫ್ರೇಮು ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಸಿನದು.

ಹೆಡ್‌ಮಿಸ್ಸು ಅದನ್ನು ಹಾಕಿಕೊಂಡು, ಗಂಭೀರವಾಗಿ ಬಾಗಿಲ ಕಡೆ ನಡೆದರು. ಬಾಗಿಲ ಬಳಿ ತಂಪು ಕನ್ನಡಕದ ಜಾಹೀರಾತಿಗೆಂದು ಆಳೆತ್ತರದ ರಟ್ಟಿನ ಹುಡುಗಿಯೊಬ್ಬಳನ್ನು ನಿಲ್ಲಿಸಿದ್ದರು.

“ಸ್ವಲ್ಪ ದಾರಿ ಬಿಡಮ್ಮ,” ಅಂದರು ಹೆಡ್‌ಮಿಸ್ಸು.

ರಟ್ಟಿನ ಹುಡುಗಿ ಹಲ್ಲು ಕಿರಿದುಕೊಂಡೇ ನಿಂತಿದ್ದಳು.

“ನಿನಗೇ ಹೇಳ್ತಿರೋದು. ದೊಡ್ಡವರು ಮಾತಾಡಿಸಿದ್ರೆ ನಗೋದೇನು? ಯಾವ ಕ್ಲಾಸು ನೀನು?”

ಮಾಲೀಕರು ಗಲ್ಲಾ ಬಿಟ್ಟು ಓಡಿಬಂದು ಹೆಡ್‌ಮಿಸ್ಸನ್ನು ಕುರ್ಚಿಯಲ್ಲಿ ಕೂರಿಸಿ, ಕನ್ನಡಕ ಕಿತ್ತುಕೊಂಡು, ಹಿಂದಿನ ಕೋಣೆಗೆ ನುಗ್ಗಿದರು. “ಏನ್ರೀ ಇದು! ಅಂಗಡೀನ ಯುದ್ಧಭೂಮಿ ಮಾಡ್ಕೊಂಡಿದ್ದೀರಾ? ಕೊಡಿ ಇಲ್ಲಿ ಫೋನು!” ಕಿತ್ತುಕೊಂಡವರು ಪರದೆ ನೋಡಿದರು. ಸಿಟ್ಟು ಹಾಗೇ ಮುಖದ ಮೇಲಿತ್ತು. ಕಣ್ಣು ಮಾತ್ರ ಒಂದು ರೋಬೋದಿಂದ ಇನ್ನೊಂದಕ್ಕೆ ಸರಿಯಿತು. ಸ್ವಲ್ಪ ಹೊತ್ತಿನ ಮೇಲೆ ದನಿ ಇಳಿಸಿ, “ಇವೆರಡೂ ಬೇಡ. ಈ ಬೀರು ತಗೊಳ್ಳಿ. ಮೈ ಗಟ್ಟಿಯಿದ್ರೆ ಯಾರು ಏನ್ ಮಾಡ್ತಾರೆ?” ಅಂದರು. ಕಬ್ಬಿಣದ ಬೀರುವಿಗೆ ಕೈಕಾಲು ಬಂದಂತಿದ್ದ ರೋಬೋ ಅದು, ನಡಿಗೆಯೂ ಬೀರುವಿನದೇ.

ನಾಲ್ಕನೆಯದರ ಹೆಸರನ್ನೇ ಯಾರೂ ಎತ್ತಲಿಲ್ಲ. ಕುಳ್ಳಗಿನ, ಬೆನ್ನಿಗೆ ಪೆಟ್ಟಿಗೆ ಹೊತ್ತ ರೋಬೋ. ಬಂದೂಕಿಲ್ಲ. ಜೊತೆಯವರಿಗೆ ಏಟು ಬಿದ್ದರೆ ಹಸಿರು ಬೆಳಕು ಹಾಯಿಸಿ ರಿಪೇರಿ ಮಾಡುವುದಷ್ಟೇ ಅದರ ಕೆಲಸ. “ಅದು ಬಿಡಿ, ಕಂಪೌಂಡರ್,” ಎಂದು ಸೇಲ್ಸ್‌ನವನು ತಳ್ಳಿಹಾಕಿದ.

ಗಾಜಿಗಾಗಿ ಕಾಯುತ್ತಾ ಬೇಸತ್ತ ಹೆಡ್‌ಮಿಸ್ಸು ಗೋಡೆ ತಡವಿಕೊಂಡು ಒಳಗೇ ಬಂದರು. ವಿಷಯ ತಿಳಿದುಕೊಂಡು ಫೋನನ್ನು ಮೂಗಿನ ತುದಿಗೆ ಹಿಡಿದು ನೋಡಿದರು. ಲೆನ್ಸಣ್ಣನಿಗೆ ಇನ್ನೇನು ಬೈಗುಳ ಬಿತ್ತು ಅನ್ನಿಸಿತು.

“ಮಗಳ ಜೊತೆ ಆಡೋಕಾ?”

“ಹೌದು ಮೇಡಂ.”

“ಮತ್ತೆ ಅವಳನ್ನೇ ಕೇಳಬಹುದಲ್ಲ, ಯಾವುದು ತಗೊಳ್ಳಲಿ ಅಂತ?”

ಅಷ್ಟು ಜನರಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

“ಕೇಳಬಹುದು ಮೇಡಂ,” ಲೆನ್ಸಣ್ಣ ಮೆಲ್ಲಗೆ ಅಂದ. “ಅವಳು ‘ಯಾಕೆ’ ಅಂದ್ಬಿಟ್ರೆ ಏನ್ ಹೇಳೋದು ಗೊತ್ತಾಗಲ್ಲ.”

ಹೆಡ್‌ಮಿಸ್ಸು ಫೋನನ್ನು ಅವನ ಕೈಗಿಟ್ಟರು. ಮಾಲೀಕರು ಗಂಟಲು ಸರಿಮಾಡಿಕೊಂಡು ಗಲ್ಲಾಕ್ಕೆ ಹೋದರು. ಸೇಲ್ಸ್‌ನವನು ಮಾತ್ರ, ಹೋಗುವ ಮುಂಚೆ, ‘ಮೂರನೇ ಬೆಂಚು’ ತಂಡದ ಹೆಸರು ಹಾಕಿ, ಅತಿಥಿಯಾಗಿ ಒಂದು ಆಟಕ್ಕೆ ಸೇರಿಸಿಕೊಳ್ಳಿ ಎಂದು ಕೋರುವುದು ಹೇಗೆಂದು ತೋರಿಸಿ, ಆಟಗಾರನ ಹೆಸರಿನ ಜಾಗದಲ್ಲಿ ತಾನೇ ‘ಹೊಸಬ’ ಎಂದು ಒತ್ತಿಕೊಟ್ಟ.

ಮನೆಗೆ ಹೋಗುವ ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದು ಲೆನ್ಸಣ್ಣ ಯೋಚಿಸಿದ. ಓಡುವುದು ಅವನಿಂದಾಗದು. ಗುರಿಯಿಡುವಂಥ ಶತ್ರು ಅವನಿಗೆ ಯಾರೂ ಇಲ್ಲ. ಬೀರುವಾಗಿ ಮಗಳ ದಾರಿಗೆ ಅಡ್ಡ ನಿಲ್ಲುವುದೂ ಬೇಡ. ತನಗೆ ಬರುವುದು ಒಂದೇ: ಸಡಿಲಾದ ಸ್ಕ್ರೂ ಬಿಗಿಮಾಡುವುದು, ಮುರಿದ ಕಡ್ಡಿ ಕೂಡಿಸುವುದು. ಅವಳು ಮುಂದೆ ಹೋಗಲಿ, ಹೊಡೆದಾಡಲಿ, ಗೆಲ್ಲಲಿ. ತಾನು ಹಿಂದೆ ಹಿಂದೆ ಇದ್ದು, ಏಟು ಬಿದ್ದಲ್ಲಿ ಸ್ವಲ್ಪ ಸರಿಮಾಡಿದರೆ ಸಾಕು. ಅಪ್ಪನಾದವನು ಇನ್ನೇನು ತಾನೆ ಮಾಡಬಹುದು? ಬಸ್ಸು ತಿರುವಿನಲ್ಲಿ ಜೋಲಿ ಹೊಡೆದಾಗ ಅವನ ಹೆಬ್ಬೆರಳು ಕಂಪೌಂಡರ್ ಮೇಲೆ ಗಟ್ಟಿಯಾಗಿ ಕೂತಿತು.

ಮನೆಯಲ್ಲೇ ಆಡಿದರೆ ಹೆಂಡತಿಯ ಕಣ್ಣಿಗೆ ಬಿದ್ದು ಮಗಳಿಗೆ ಸುದ್ದಿ ಮುಟ್ಟೀತು. ಮೊದಲು ಒಂದಿಷ್ಟು ಚೆನ್ನಾಗಿ ಆಡಿ ತೋರಿಸಿ, ಆಮೇಲೆ ‘ಹೊಸಬ ಅಂದ್ರೆ ನಾನೇ ಕಣೇ’ ಎಂದು ಅವಳನ್ನು ಬೆರಗುಗೊಳಿಸಬೇಕೆಂಬುದು ಅವನ ಲೆಕ್ಕ. ಹಾಗಾಗಿ ಮನೆ ಹೊಕ್ಕು ಮುಖ ತೊಳೆದವನೇ ಸದ್ದಿಲ್ಲದೆ ಹೊರಬಂದು, ಮೆಟ್ಟಿಲ ತಿರುವಿನಲ್ಲಿ ಕೂತು ಕೋರಿಕೆ ಕಳಿಸಿದ. ತುಸು ಹೊತ್ತಿಗೆ ಬಾಗಿಲು ತೆರೆದ ಹಾಗೆ ಪರದೆ ಬೆಳಗಿತು. ಸೇರಿಸಿಕೊಂಡಿದ್ದರು!

ಆಗಲೇ ಅವನಿಗೆ ಗೊತ್ತಾದದ್ದು, ಊರಿಗೆಲ್ಲ ಕನ್ನಡಕ ಕೂರಿಸುವ ತಾನು ತನ್ನ ಓದುವ ಕನ್ನಡಕವನ್ನು ಮಿಷನ್ ಪಕ್ಕವೇ ಬಿಟ್ಟುಬಂದಿದ್ದೇನೆಂದು. ಪರದೆಯ ಅಕ್ಷರಗಳೆಲ್ಲ ಇರುವೆ ಸಾಲು. ಆದರೆ ಮಗಳ ರೋಬೋ ನೀಲಿ ಬಣ್ಣದ್ದು ಎಂದು ಗೊತ್ತಿತ್ತು. ಹಿಂದೊಮ್ಮೆ ಊಟದ ಹೊತ್ತಿನಲ್ಲಿ ಅವಳ ಹೆಗಲ ಮೇಲಿನಿಂದ ಕದ್ದು ನೋಡಿದ್ದ. ಕುಸಿದ ಕಟ್ಟಡಗಳ ನಡುವೆ ಆ ನೀಲಿಯನ್ನು ಹುಡುಕಿ, ಕಂಪೌಂಡರನ್ನು ಅದರ ಬೆನ್ನಿಗೆ ಬಿಟ್ಟ.

“ಏನ್ ಸಾರ್, ಗಾಡಿ ಓಡಿಸ್ತಿದ್ದೀರಾ?”

ಕಸದ ಬುಟ್ಟಿ ಹಿಡಿದು ಇಳಿಯುತ್ತಿದ್ದ ಮೇಲ್ಮನೆಯ ಡ್ರೈವಿಂಗ್ ಮೇಷ್ಟ್ರು. ಕಾರು ಕಲಿಸುವ ಶಾಲೆಯಿಂದ ನಿವೃತ್ತರಾಗಿದ್ದರೂ ಚಲಿಸುವ ಯಾವುದನ್ನು ಕಂಡರೂ ಅವರ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಬುಟ್ಟಿ ಕೆಳಗಿಟ್ಟು ಪಕ್ಕದಲ್ಲೇ ಕೂತರು. “ಎಡಕ್ಕೆ, ಎಡಕ್ಕೆ! ಮುಂದಿನ ಗಾಡಿಗೂ ನಿಮಗೂ ಅಂತರ ಇರಲಿ!”

“ಅಂತರ ಬೇಡ ಮೇಷ್ಟ್ರೇ. ಅದು ನನ್ನ ಮಗಳು, ನಾನು ಅವಳ ಕಂಪೌಂಡರ್.”

ನೀಲಿ ರೋಬೋ ಒಂದು ಮುರುಕು ಗೋಡೆಯ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತಿತು. ಅಲ್ಲಾಡಲಿಲ್ಲ. ಲೆನ್ಸಣ್ಣನಿಗೆ ಗಾಬರಿ. “ಅಯ್ಯೋ, ಏಟು ಬಿದ್ದಿದೆ!” ಹಸಿರು ಬೆಳಕು ಹಾಯಿಸಿದ. ಗೋಡೆಯ ಹಿಂದಿನ ಕತ್ತಲೆಲ್ಲ ಹಸಿರು ಹಸಿರಾಗಿ ಬೆಳಗಿತು. ಮರುಕ್ಷಣ ಎದುರಾಳಿಗಳ ಗುಂಡು ಅಲ್ಲಿಗೇ ಸುರಿಯಿತು. ನೀಲಿ ರೋಬೋ ಎದ್ದು ಬಿದ್ದು ಇನ್ನೊಂದು ಗೋಡೆಯ ಮರೆಗೆ ಓಡಿತು. ಕಂಪೌಂಡರನೂ ಓಡಿದ, ಇನ್ನಷ್ಟು ಬೆಳಕು ಹಾಯಿಸಿದ. ಅಲ್ಲಿಗೂ ಗುಂಡು.

ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳು ದಬದಬನೆ ಮೂಡತೊಡಗಿದವು.

“ಏನೋ ಬರೀತಿದ್ದಾಳೆ, ಓದಿ ಮೇಷ್ಟ್ರೇ.”

ಮೇಷ್ಟ್ರು ಕಣ್ಣು ಕಿರಿದು ಮಾಡಿದರು. ಅವರ ಕನ್ನಡಕವೂ ಮನೆಯಲ್ಲೇ. “ಥ್ಯಾಂಕ್ಸ್ ಅಂತಿರ್ಬೇಕು. ಕೊನೇಲಿ ಸಾಲಾಗಿ ನೆಟ್ಟಗೆ ಗೆರೆ ಎಳೆದಿದ್ದಾಳೆ ನೋಡಿ, ಆಶ್ಚರ್ಯದ ಗುರುತೇ ಇರ್ಬೇಕು, ಖುಷಿಯಾಗಿದ್ದಾಳೆ.”

ಲೆನ್ಸಣ್ಣನ ಕಣ್ಣು ಒದ್ದೆಯಾಯಿತು. ಎಷ್ಟು ದಿನವಾಗಿತ್ತು, ಮಗಳು ಅವನಿಗೆ ಇಷ್ಟುದ್ದ ಏನನ್ನಾದರೂ ಹೇಳಿ! ಬೆಳಕನ್ನು ಪೂರ್ತಿ ಏರಿಸಿದ. ಮೇಷ್ಟ್ರು ಉತ್ಸಾಹ ತಡೆಯಲಾರದೆ, “ಹಾರನ್ ಹೊಡೀರಿ ಸಾರ್, ದಾರಿ ಬಿಡ್ತಾರೆ!” ಎಂದು ತಾವೇ ಯಾವುದೋ ಗುಂಡಿ ಅದುಮಿದರು. ಕಂಪೌಂಡರನ ತಲೆಯ ಮೇಲೆ ಕೆಂಪು ದೀಪ ಗಿರಗಿರನೆ ತಿರುಗತೊಡಗಿತು. ಎದುರಾಳಿ ತಂಡಕ್ಕೆ ತಂಡವೇ ಅಲ್ಲಿಗೆ ಬಂದಿಳಿಯಿತು. ನೀಲಿ ರೋಬೋ ಚೂರುಚೂರಾಯಿತು. ಪರದೆ ಕಪ್ಪಾಗಿ, ನಡುವೆ ದಪ್ಪ ಅಕ್ಷರದಲ್ಲಿ ಮೂಡಿದ್ದನ್ನು ಮಾತ್ರ ಕನ್ನಡಕವಿಲ್ಲದೆಯೂ ಓದಬಹುದಿತ್ತು: ‘ನಿಮ್ಮನ್ನು ತಂಡದಿಂದ ಹೊರಹಾಕಲಾಗಿದೆ.’

ಲೆನ್ಸಣ್ಣ ಕಾಲೆಳೆದುಕೊಂಡು ಮನೆಗೆ ಬಂದ. ಬಂದವನು ಹೊಸಿಲಲ್ಲೇ ನಿಂತ. ಮಗಳ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಅವಳು ಊಟದ ಮೇಜಿನ ಮುಂದೆ ಕೂತು ಅಮ್ಮನ ಹತ್ತಿರ ಕೈ ತಿರುಗಿಸುತ್ತಾ ಏನೋ ಹೇಳುತ್ತಿದ್ದಳು. ಅವನನ್ನು ಕಂಡದ್ದೇ, “ಅಪ್ಪಾ, ಬಾ ಇಲ್ಲಿ, ಕೂತ್ಕೋ. ಕೇಳು ಇವತ್ತು ಏನಾಯ್ತು ಅಂತ!” ಅಂದಳು.

ಅವನು ಕೂತ. ಅವಳು ಹೇಳಿದಳು. ಗೋಡೆಯ ಮರೆಯಲ್ಲಿ ಹೊಂಚುಹಾಕಿ ಕೂತದ್ದು, ಒಬ್ಬ ಮುಟ್ಠಾಳ ಹಿಂದಿನಿಂದ ಬಂದು ಮೈಮೇಲೆ ದೀಪ ಬಿಟ್ಟದ್ದು, ‘ಆರಿಸೋ, ಆರಿಸೋ’ ಎಂದು ಬರೆದಷ್ಟೂ ಜೋರು ಮಾಡಿದ್ದು. ಹೇಳುತ್ತಾ ಅವನ ತೋಳು ಹಿಡಿದು ಅಲುಗಿಸಿದಳು. ಲೆನ್ಸಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

“ಪಾಪ, ಸಹಾಯ ಮಾಡೋಣ ಅಂತ ಮಾಡಿರ್ಬೇಕು,” ಅಂದ.

“ನಾನು ಕೇಳಿದ್ನಾ ಸಹಾಯ?” ಎಂದವಳು ಅವನ ತೋಳು ಬಿಟ್ಟಳು. “ತಪ್ಪು ನಂದೇ ಬಿಡು. ಉಳಿದೋರೆಲ್ಲ ಬೇಡ ಅಂದ್ರು. ಯಾರೋ ಹೊಸಬ, ಪಾಪ, ಕಲೀಲಿ, ಒಳಗೆ ಬಿಡೋಣ ಅಂತ ಹಠ ಹಿಡಿದದ್ದು ನಾನೇ. ಈಗ ಎಲ್ರೂ ನನ್ನ ಮೇಲೆ ಉರಿದುಬೀಳ್ತಿದ್ದಾರೆ.”

ಲೆನ್ಸಣ್ಣ ಮಗಳ ಮುಖವನ್ನೇ ನೋಡಿದ. ಮುಚ್ಚಿದ ಬಾಗಿಲಿನ ಹಿಂದೆ ಇವಳು ಇಷ್ಟು ದೊಡ್ಡವಳಾಗಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಈಗಲೇ ಹೇಳಿಬಿಡಬೇಕು ಅನ್ನಿಸಿತು. “ನೋಡು ಪುಟ್ಟಿ, ಆ ಹೊಸಬ...”

“ನಮ್ಮಪ್ಪ ಇಂಥದ್ದಕ್ಕೆಲ್ಲ ತಲೆ ಹಾಕಲ್ವಲ್ಲ, ಅದೇ ನನ್ನ ಪುಣ್ಯ!”

“ನಾನಾ? ಛೆ! ನಂಗೆ ಫೋನಲ್ಲಿ ಗಂಟೆ ನೋಡೋದು ಬಿಟ್ರೆ ಏನು ಬರತ್ತೆ?” ಎಂದುಬಿಟ್ಟಿತು ಬಾಯಿ.

ಅಷ್ಟರಲ್ಲಿ ಬೆಲ್ಲು. ಬಾಗಿಲಲ್ಲಿ ಡ್ರೈವಿಂಗ್ ಮೇಷ್ಟ್ರು, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ತಮ್ಮ ಫೋನು. “ಸಾರ್, ಆಟ ಇಳಿಸ್ಕೊಂಡೆ! ಕಂಪೌಂಡರ್‌ನೇ ತಗೊಂಡೆ. ಆ ಹಸಿರು ಲೈಟು ಇದ್ಯಲ್ಲ...”

ಮಗಳು ಮೆಲ್ಲಗೆ ಎದ್ದಳು. “ಹಸಿರು ಲೈಟಾ? ಅಂಕಲ್... ಆ ಹೊಸಬ ನೀವಾ?”

ಮೇಷ್ಟ್ರು ಲೆನ್ಸಣ್ಣನತ್ತ ನೋಡಿದರು. ಮಗಳ ಬೆನ್ನ ಹಿಂದೆ ಅವನು ಎರಡೂ ಕೈ ಜೋಡಿಸಿ, ಮುಖವನ್ನು ಇನ್ನಿಲ್ಲದಷ್ಟು ದೀನವಾಗಿಸಿ, ತಲೆಯನ್ನು ಅಡ್ಡಡ್ಡ ಆಡಿಸುತ್ತಿದ್ದ. ಜೀವಮಾನವಿಡೀ ಶಿಷ್ಯರು ಕಾರು ಗುದ್ದಿದಾಗಲೆಲ್ಲ ಇಳಿದು ಹೋಗಿ ಬೈಸಿಕೊಂಡ ಮನುಷ್ಯ ಮೇಷ್ಟ್ರು. ಒಂದು ಉಸಿರೆಳೆದುಕೊಂಡು, “ಹೌದಮ್ಮ, ನಾನೇ. ತಪ್ಪಾಯ್ತು,” ಅಂದರು.

ಲೆನ್ಸಣ್ಣ ‘ಬದುಕಿದೆ’ ಅಂದುಕೊಂಡ. ಮಗಳು ಮೇಷ್ಟ್ರನ್ನು ದುರುಗುಟ್ಟಿ ನೋಡಿದಳು. ತುಟಿ ಅದುರಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಅಯ್ಯೋ ಅಂಕಲ್! ನಿಮ್ಮ ವಯಸ್ಸಲ್ಲಿ! ಎಷ್ಟು ಮುದ್ದಾಗಿದೆ ಗೊತ್ತಾ ಇದು? ಬನ್ನಿ, ಕೂತ್ಕೊಳ್ಳಿ, ನಾನು ಹೇಳಿಕೊಡ್ತೀನಿ.” ಮೇಷ್ಟ್ರನ್ನು ಮೇಜಿನ ಮುಂದೆ, ಲೆನ್ಸಣ್ಣನ ಪಕ್ಕದ ಕುರ್ಚಿಯಲ್ಲೇ ಕೂರಿಸಿ, ತಾನು ಅವರ ಆ ಬದಿಗೆ ಕುರ್ಚಿ ಎಳೆದುಕೊಂಡಳು.

ಲೆನ್ಸಣ್ಣ ಕತ್ತು ಚಾಚಿ ಇಣುಕಿದ.

“ಅಪ್ಪಾ, ನಿಂಗೆ ಬೋರಾಗತ್ತೆ. ನೀನು ಹೋಗಿ ಟಿ.ವಿ. ನೋಡ್ಕೋ. ಅಂಕಲ್, ನೀವು ದಿನಾ ಸಾಯಂಕಾಲ ಬಂದ್ಬಿಡಿ.”

ಅವನು ಟಿ.ವಿ.ಯ ಕಡೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ, ಯಾರೂ ಹೇಳದಿದ್ದರೂ ನಲ್ಲಿ ತಿರುಗಿಸಿ ಲೋಟ ತೊಳೆಯತೊಡಗಿದ. ಹಾಲಿನಿಂದ ಮಗಳ ದನಿ ತೇಲಿಬರುತ್ತಿತ್ತು, ತಾಳ್ಮೆಯಿಂದ, ಚಿಕ್ಕ ಮಗುವಿಗೆ ಹೇಳಿದಂತೆ: “ನಿಮ್ಮ ಕಂಪೌಂಡರ್ ಏನೂ ಕೆಟ್ಟದ್ದಲ್ಲ ಅಂಕಲ್. ಬಿಡ್ಬೇಡಿ ಅದನ್ನ. ಜೊತೆಯವರು ಸುಮ್ನೆ ಕೂತಿದ್ರೆ ಏಟು ಬಿದ್ದಿದೆ ಅಂತಲ್ಲ. ಸ್ವಲ್ಪ ದೂರ ನಿಂತ್ಕೋಬೇಕು. ಅವರಾಗಿ ಕರೆದಾಗ...”

ಲೆನ್ಸಣ್ಣ ನಲ್ಲಿ ನಿಲ್ಲಿಸಿದ.

“ಯಾಕ್ರೀ, ನೀರು ಬರ್ತಿಲ್ವಾ?” ಹಿಂದೆಯೇ ಬಂದ ಹೆಂಡತಿ ಕೇಳಿದಳು.

“ಬರ್ತಿದೆ,” ಅಂದ, ಸೋಪು ನೊರೆಯ ಲೋಟ ಹಿಡಿದು, ಕಿವಿಯನ್ನು ಬಾಗಿಲ ಕಡೆಗಿಟ್ಟು. “ಅದರ ಸದ್ದಲ್ಲಿ ಪಾಠ ಕೇಳಿಸ್ತಿಲ್ಲ.”